ಸಜ್ಜೆಯ ಕಬ್ಬಿಣ ರಕ್ತ ಸೇರುವ ಬಗೆ

ಕಬ್ಬಿಣಾಂಶ ಹೆಚ್ಚಿರುವ ಸಜ್ಜೆಯ ಬೀಜವನ್ನು ರೈತರ ಕೈಗಿತ್ತರೆ, ಅದನ್ನು ಬೆಳೆದು ಉಣ್ಣುವ ಮನೆಗಳಲ್ಲಿ ರಕ್ತಹೀನತೆ ಕ್ರಮೇಣ ತಗ್ಗುತ್ತದೆ ಎಂಬ ಪ್ರಸ್ತಾವ ಕೇಳಿದ ಕೂಡಲೇ ಒಪ್ಪಿಗೆಯಾಗುವಂಥದ್ದು. ಮಾತ್ರೆ ಹಂಚುವ ಗೋಜಿಲ್ಲ, ಊಟದ ರೂಢಿ ಬದಲಿಸಿಕೊಳ್ಳಿ ಎಂದು ಯಾರಿಗೂ ಹೇಳಬೇಕಿಲ್ಲ, ಬೀಜ ಬದಲಾದರೆ ಸಾಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮತ್ತು 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ದಾಖಲಾಗಿದೆ. ಕರ್ನಾಟಕದ ಮಕ್ಕಳಲ್ಲಿ ಈ ಪ್ರಮಾಣ ಶೇ 65ಕ್ಕೂ ಹೆಚ್ಚು. ಇಂಥ ಅಂಕಿಗಳ ಎದುರು ಬೀಜದಲ್ಲೇ ಪರಿಹಾರವಿದೆ ಎಂದು ಯಾರಾದರೂ ಹೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ, ಹಾಗೆಯೇ ಲೆಕ್ಕ ಕೇಳದೆ ಒಪ್ಪುವಂತೆಯೂ ಇಲ್ಲ.

ಈ ಸಜ್ಜೆಯ ಮೂಲ ಪಶ್ಚಿಮ ಆಫ್ರಿಕದಲ್ಲಿದೆ. ಟೋಗೊ, ಘಾನಾ, ಬೆನಿನ್ ಸುತ್ತಮುತ್ತಲ ರೈತರು ಬೆಳೆಸಿಕೊಂಡು ಬಂದ, 'ಇನಿಯಾಡಿ' ಎಂದು ಕರೆಯುವ ದಪ್ಪಕಾಳಿನ ನಾಟಿ ಸಜ್ಜೆಯಲ್ಲಿ ಕಬ್ಬಿಣ ಸಹಜವಾಗಿಯೇ ಹೆಚ್ಚು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ, ಒಣಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರವಾದ ಇಕ್ರಿಸ್ಯಾಟ್ ಸಂಸ್ಥೆ ಅದರಿಂದ ಆಯ್ದು ರೂಪಿಸಿದ ಐಸಿಟಿಪಿ 8203 ತಳಿ 1988ರಲ್ಲೇ ಬಿಡುಗಡೆಯಾಗಿತ್ತು. ಆಗ ಯಾರೂ ಅದರ ಕಬ್ಬಿಣವನ್ನು ಅಳೆಯಲು ಹೋಗಿರಲಿಲ್ಲ. ಬೇಗ ಕೊಯ್ಲಿಗೆ ಬರುತ್ತದೆ, ಕಾಳು ದಪ್ಪ ಎಂಬ ಕಾರಣಕ್ಕೇ ಮಹಾರಾಷ್ಟ್ರದ ರೈತರು ಅದನ್ನು ಮೆಚ್ಚಿದ್ದರು. ಮುಂದೆ ಅದರಲ್ಲೇ ಕಬ್ಬಿಣ ಹೆಚ್ಚಿರುವ ಗಿಡಗಳನ್ನು ಆರಿಸಿ, ರಾಹುರಿಯ ಮಹಾತ್ಮ ಫುಲೆ ಕೃಷಿ ವಿಶ್ವವಿದ್ಯಾಲಯದ ಜೊತೆಗೂಡಿ ಬೆಳೆಸಿದ ತಳಿಯೇ 2014ರಲ್ಲಿ ದೇಶದಾದ್ಯಂತ ಬಿಡುಗಡೆಯಾದ 'ಧನಶಕ್ತಿ'. ಇದು ಬೇರೆ ಜೀವಿಯ ಜೀನನ್ನು ಸೇರಿಸಿ ಮಾಡಿದ ಕುಲಾಂತರಿಯಲ್ಲ, ಸಜ್ಜೆಯೊಳಗೇ ಇದ್ದ ವೈವಿಧ್ಯದಿಂದ ಹೆಕ್ಕಿ ತೆಗೆದದ್ದು. ಹಾಗಾಗಿ ಅಂಥ ಕುಲಾಂತರಿಯಾದ ಬಂಗಾರದ ಬಣ್ಣದ ಅಕ್ಕಿಯ (ಗೋಲ್ಡನ್ ರೈಸ್) ಸುತ್ತ ಫಿಲಿಪೀನ್ಸ್‌ನಲ್ಲಿ ನಡೆದ ಕೋರ್ಟು ಕಚೇರಿಯ ವ್ಯಾಜ್ಯ ಇದಕ್ಕೆ ಅಂಟಿಕೊಂಡಿಲ್ಲ.

ಧನಶಕ್ತಿಯಲ್ಲಿ ಕಿಲೋಗೆ 71 ಮಿಲಿಗ್ರಾಂ ಕಬ್ಬಿಣವಿದೆ ಎನ್ನುತ್ತಾರೆ. ಈ ಬಗೆಯ ಪ್ರಸ್ತಾವವನ್ನು ಓದುವಾಗ ನಾನು ಮೊದಲು ಹುಡುಕುವುದು, ಆ 71ನ್ನು ಯಾವುದರ ಜೊತೆ ಹೋಲಿಸಿದ್ದಾರೆ ಎಂಬುದನ್ನು. ಸಾಮಾನ್ಯ ಸಜ್ಜೆಯಲ್ಲಿ ಕಿಲೋಗೆ 47 ಮಿಲಿಗ್ರಾಂ ಎಂದು ಹಿಡಿದರೆ ಲಾಭ ಅರ್ಧಪಟ್ಟು. ಆದರೆ ಅದರ ತಾಯಿತಳಿಯಾದ ಐಸಿಟಿಪಿ 8203ಕ್ಕೆ ಹೋಲಿಸಿದರೆ ಹೆಚ್ಚಳ ಶೇ 9 ಮಾತ್ರ. ಅಂದರೆ ಹಳೆಯ ತಳಿಯನ್ನೇ ಬೆಳೆಯುತ್ತಿದ್ದ ಹಳ್ಳಿಗೆ ಹೊಸ ಬೀಜ ಕೊಟ್ಟು 'ಕಬ್ಬಿಣ ಅರ್ಧಪಟ್ಟು ಹೆಚ್ಚಾಯಿತು' ಎಂದು ವರದಿ ಬರೆದರೆ ಅದು ಕಾಗದದ ಮೇಲಿನ ಹೆಚ್ಚಳವಷ್ಟೇ. ಅಳತೆಯಲ್ಲೇ ಎಡವುವ ಇನ್ನೊಂದು ಜಾಗವೂ ಇದೆ. ಮಣ್ಣಿನಲ್ಲಿ ಕಾಳಿಗಿಂತ ಎಷ್ಟೋ ಪಟ್ಟು ಹೆಚ್ಚು ಕಬ್ಬಿಣವಿರುವುದರಿಂದ, ಕಣದಲ್ಲಿ ತೆನೆ ಬಡಿಯುವಾಗ ಕಾಳಿಗೆ ಅಂಟಿದ ಚೂರು ಧೂಳು ಪ್ರಯೋಗಾಲಯದಲ್ಲಿ ಕಾಳಿನ ಕಬ್ಬಿಣವಾಗಿಯೇ ಲೆಕ್ಕಕ್ಕೆ ಬರಬಹುದು. ಅದಕ್ಕಾಗಿ ಎಚ್ಚರದ ವಿಜ್ಞಾನಿಗಳು ಕಬ್ಬಿಣದ ಜೊತೆಗೆ ಅಲ್ಯೂಮಿನಿಯಂ ಅನ್ನೂ ಅಳೆಯುತ್ತಾರೆ. ಕಾಳಿನಲ್ಲಿ ಅಷ್ಟಾಗಿ ಇರದ ಅಲ್ಯೂಮಿನಿಯಂ ಹೆಚ್ಚು ಕಂಡರೆ ಆ ಮಾದರಿಯಲ್ಲಿ ಮಣ್ಣು ಸೇರಿದೆ ಎಂದರ್ಥ.

ಇನ್ನು ಊಟದ ಲೆಕ್ಕ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದುಕೊಂಡು, ಒಬ್ಬ ಹೆಂಗಸು ದಿನಕ್ಕೆ ನಾಲ್ಕು ಸಜ್ಜೆರೊಟ್ಟಿ ಉಣ್ಣುತ್ತಾಳೆ ಎಂದಿಟ್ಟುಕೊಳ್ಳೋಣ. ಕಿಲೋಗೆ 24 ಮಿಲಿಗ್ರಾಂ ಹೆಚ್ಚಳದಂತೆ, 200 ಗ್ರಾಂ ಹಿಟ್ಟಿನಲ್ಲಿ ಅವಳಿಗೆ ಹೆಚ್ಚುವರಿಯಾಗಿ ಸಿಗುವ ಕಬ್ಬಿಣ 4.8 ಮಿಲಿಗ್ರಾಂ. ಇದರಲ್ಲಿ ಬಹುಪಾಲು ಕರುಳಿನಿಂದ ರಕ್ತಕ್ಕೆ ದಾಟುವುದೇ ಇಲ್ಲ. ಸಜ್ಜೆಯಲ್ಲಿರುವ ಫೈಟಿಕ್ ಆಮ್ಲ ಮತ್ತು ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೆನಿನ್ ದೇಶದ ಯುವತಿಯರಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀರಿಕೆಯ ಪ್ರಮಾಣ ಸಾಮಾನ್ಯ ಸಜ್ಜೆಯಲ್ಲೂ ಹೊಸ ಸಜ್ಜೆಯಲ್ಲೂ ಶೇ 7.5ರ ಆಸುಪಾಸಿನಲ್ಲೇ ಇತ್ತು. ಇದು ಒಳ್ಳೆಯ ಸುದ್ದಿಯೇ, ಏಕೆಂದರೆ ಕಾಳಿನಲ್ಲಿ ಕಬ್ಬಿಣ ಹೆಚ್ಚಾದಾಗ ಹೀರಿಕೆಯ ಪ್ರಮಾಣ ಕುಸಿಯಬಹುದೆಂಬ ಭಯ ನಿಜವಾಗಲಿಲ್ಲ. ಆ ಲೆಕ್ಕದಂತೆ 4.8 ಮಿಲಿಗ್ರಾಂನಲ್ಲಿ ರಕ್ತ ಸೇರುವುದು 0.36 ಮಿಲಿಗ್ರಾಂ. ಮುಟ್ಟಾಗುವ ವಯಸ್ಸಿನ ಹೆಂಗಸಿನ ದೇಹ ದಿನಕ್ಕೆ ಸರಾಸರಿ ಒಂದೂವರೆ ಮಿಲಿಗ್ರಾಂನಷ್ಟು ಕಬ್ಬಿಣ ಕಳೆದುಕೊಳ್ಳುವುದರಿಂದ ಇದು ಅವಳ ಅಗತ್ಯದ ನಾಲ್ಕನೇ ಒಂದು ಪಾಲು. ಬೀಜ ಬದಲಿಸಿದ್ದಕ್ಕೆ ಇಷ್ಟು ಸಿಕ್ಕರೆ ಕಡಿಮೆಯೇನಲ್ಲ.

ಕರ್ನಾಟಕದಲ್ಲೇ ನಡೆದ ಒಂದು ಅಧ್ಯಯನ ಇದನ್ನು ಮಕ್ಕಳ ಮಟ್ಟಿಗೆ ಸಮರ್ಥಿಸುತ್ತದೆ. ಕಬ್ಬಿಣದ ಕೊರತೆಯಿದ್ದ ಎರಡು ವರ್ಷದ ಆಸುಪಾಸಿನ 40 ಮಕ್ಕಳಿಗೆ ದಿನಕ್ಕೆ ಸುಮಾರು 84 ಗ್ರಾಂ ಸಜ್ಜೆಹಿಟ್ಟಿನ ಅಡುಗೆಯನ್ನು ಮೂರು ಹೊತ್ತಿನಲ್ಲಿ ತಿನ್ನಿಸಿ, ಕಬ್ಬಿಣದ ಐಸೋಟೋಪುಗಳ (ತೂಕದಲ್ಲಷ್ಟೇ ಭಿನ್ನವಾದ ಕಬ್ಬಿಣದ ಪರಮಾಣುಗಳ) ಜಾಡು ಹಿಡಿದು ಹೀರಿಕೆಯನ್ನು ಅಳೆದರು. ಸಾಮಾನ್ಯ ಸಜ್ಜೆ ತಿಂದವರ ರಕ್ತಕ್ಕೆ ದಿನಕ್ಕೆ 0.23 ಮಿಲಿಗ್ರಾಂ ಸೇರಿದರೆ, ಹೊಸ ಸಜ್ಜೆ ತಿಂದವರಿಗೆ 0.67 ಮಿಲಿಗ್ರಾಂ ಸೇರಿತು. ಸತುವಿನ ಹೀರಿಕೆಯೂ ಹೆಚ್ಚಿತು. ಮಹಾರಾಷ್ಟ್ರದ ವಸತಿ ಶಾಲೆಗಳಲ್ಲಿ 12ರಿಂದ 16 ವರ್ಷದ ಮಕ್ಕಳಿಗೆ ಇದೇ ಸಜ್ಜೆಯ ಭಾಕ್ರಿ ಬಡಿಸಿ ಆರು ತಿಂಗಳು ನಡೆಸಿದ ಪ್ರಯೋಗದಲ್ಲಿ, ಮೊದಲಿಗೆ ಕಬ್ಬಿಣದ ಕೊರತೆಯಿದ್ದ ಮಕ್ಕಳು ಅದರಿಂದ ಹೊರಬರುವ ಸಾಧ್ಯತೆ 1.64 ಪಟ್ಟು ಹೆಚ್ಚಾಯಿತು. ದೇಹದ ಕಬ್ಬಿಣ ದಾಸ್ತಾನನ್ನು ಸೂಚಿಸುವ ಫೆರಿಟಿನ್ ನಾಲ್ಕನೇ ತಿಂಗಳಿಗೇ ಏರಿತ್ತು. ಆದರೆ ಮುಂಬೈಯ ಕೊಳೆಗೇರಿಗಳ 12ರಿಂದ 18 ತಿಂಗಳ ಕೂಸುಗಳಿಗೆ ಇಂಥದೇ ಸಜ್ಜೆಯ ತಿನಿಸು ಕೊಟ್ಟು ನೋಡಿದಾಗ, ಒಟ್ಟಾರೆಯಾಗಿ ಕಬ್ಬಿಣದ ಸ್ಥಿತಿಯಲ್ಲಾಗಲಿ ಬೆಳವಣಿಗೆಯಲ್ಲಾಗಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ವಸತಿ ಶಾಲೆಯ ಊಟದ ತಟ್ಟೆಗೂ ಕೊಳೆಗೇರಿಯ ಕೂಸಿನ ಬಟ್ಟಲಿಗೂ ಇರುವ ಅಂತರ ಸಣ್ಣದಲ್ಲ. ಕೂಸು ತಿನ್ನುವುದೇ ಎರಡು ತುತ್ತು, ಅದರ ಮೇಲೆ ಭೇದಿ, ಸೋಂಕು. ಪ್ರಸ್ತಾವವನ್ನು ಮುಂದಿಡುವವರು ಮೊದಲೆರಡು ಅಧ್ಯಯನಗಳ ಜೊತೆಗೆ ಈ ಮೂರನೆಯದನ್ನೂ ಅದೇ ಪುಟದಲ್ಲಿ ಹೇಳಬೇಕು.

ಮೇಲಿನ ಲೆಕ್ಕವೆಲ್ಲ ನಿಂತಿರುವುದು ದಿನಕ್ಕೆ ನಾಲ್ಕು ರೊಟ್ಟಿ ಎಂಬ ಊಹೆಯ ಮೇಲೆ. ಕೊಪ್ಪಳ, ರಾಯಚೂರು, ವಿಜಯಪುರದ ಕಡೆ ಸಜ್ಜೆ ಇಂದಿಗೂ ಹೊಲದಲ್ಲಿದೆ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಮನೆಮನೆಯಲ್ಲೂ ಆಗುತ್ತದೆ. ಆದರೆ ದಿನನಿತ್ಯದ ತಟ್ಟೆಯಲ್ಲಿ ಪಡಿತರದ ಅಕ್ಕಿ ಬಂದು ಕುಳಿತು ಬಹಳ ಕಾಲವಾಯಿತು. ಪಡಿತರದಲ್ಲಿ ಅಕ್ಕಿಯ ಜೊತೆಗೆ ಉತ್ತರಕ್ಕೆ ಜೋಳ, ದಕ್ಷಿಣಕ್ಕೆ ರಾಗಿ ಎಂಬ ಮಾತಾದರೂ ಇದೆ, ಸಜ್ಜೆಗೆ ಆ ಭಾಗ್ಯವೂ ಇಲ್ಲ. ದಿನಕ್ಕೆ ನಾಲ್ಕು ರೊಟ್ಟಿಯ ಬದಲು ಒಂದೇ ತೆಳು ರೊಟ್ಟಿ, ಅಂದರೆ 40 ಗ್ರಾಂ ಹಿಟ್ಟು ಎಂದಾದರೆ, ಹೆಚ್ಚುವರಿ ಕಬ್ಬಿಣದಲ್ಲಿ ರಕ್ತ ಸೇರುವುದು ಅಗತ್ಯದ ಇಪ್ಪತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಇನ್ನೊಂದು ಸಂಗತಿಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಿಲೋಗೆ ಆರೇಳು ಮಿಲಿಗ್ರಾಂ ಕಬ್ಬಿಣವಷ್ಟೇ ಇರುವುದರಿಂದ, ಸಜ್ಜೆ ಬಿಟ್ಟು ಅಕ್ಕಿಗೆ ಹೋದ ಮನೆ ಕಿಲೋಗೆ ಸುಮಾರು 40 ಮಿಲಿಗ್ರಾಂ ಕಳೆದುಕೊಂಡಿದೆ. ಅಕ್ಕಿಯಲ್ಲಿ ಫೈಟಿಕ್ ಆಮ್ಲ ಕಡಿಮೆ ಎಂಬ ರಿಯಾಯಿತಿ ಕೊಟ್ಟರೂ, ತಳಿ ಸುಧಾರಣೆ ಕೊಡುವ 24ಕ್ಕಿಂತ ಈ ನಷ್ಟ ದೊಡ್ಡದು.

ಸಜ್ಜೆ ತಟ್ಟೆಯಿಂದ ಜಾರಿದ್ದಕ್ಕೆ ಸರ್ಕಾರದ ಅಕ್ಕಿಯೊಂದೇ ಕಾರಣವಲ್ಲ. ಸಜ್ಜೆಯಲ್ಲಿ ಕೊಬ್ಬು ಸುಮಾರು ಶೇ 5ರಷ್ಟಿದ್ದು, ಗಿರಣಿಯಲ್ಲಿ ಬೀಸಿದ ಕ್ಷಣದಿಂದ ಕಾಳಿನೊಳಗಿನ ಲೈಪೇಸ್ ಎಂಬ ಕಿಣ್ವ ಆ ಕೊಬ್ಬನ್ನು ಒಡೆಯಲು ತೊಡಗುತ್ತದೆ. ವಾರ ಹತ್ತು ದಿನ ಕಳೆಯುವುದರೊಳಗೆ ಹಿಟ್ಟಿಗೆ ಕಮಟು ವಾಸನೆ ಹತ್ತಿ, ರೊಟ್ಟಿ ಕಹಿಯಾಗುತ್ತದೆ. ಜೋಳದ ಹಿಟ್ಟಿನಂತೆ ತಿಂಗಳಿಗಾಗುವಷ್ಟು ಬೀಸಿಟ್ಟುಕೊಳ್ಳುವ ಹಾಗಿಲ್ಲ, ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವುದೂ ಕಷ್ಟ. ಕೂಲಿಗೆ ಹೋಗಿ ಬರುವ ಹೆಂಗಸಿಗೆ ವಾರವಾರ ಗಿರಣಿಗೆ ಅಲೆಯಲು ಪುರುಸೊತ್ತೆಲ್ಲಿ? ಕಾಳಿಗೆ ಬಿಸಿ ತಾಗಿಸಿ ಈ ಕಿಣ್ವವನ್ನು ನಿಷ್ಕ್ರಿಯಗೊಳಿಸುವ ವಿಧಾನಗಳಿವೆ. ನನ್ನನ್ನು ಕೇಳಿದರೆ, ಕಬ್ಬಿಣದ ಸಜ್ಜೆಗೆಂದು ತೆಗೆದಿಟ್ಟ ಹಣದಲ್ಲಿ ಒಂದಷ್ಟನ್ನು ತಾಲ್ಲೂಕು ಮಟ್ಟದ ಗಿರಣಿಗಳಲ್ಲಿ ಈ ವ್ಯವಸ್ಥೆ ಮಾಡಲು ಖರ್ಚು ಮಾಡುವುದು ವ್ಯರ್ಥವಾಗದು.

ರಕ್ತಹೀನತೆಯೆಲ್ಲ ಕಬ್ಬಿಣದ ಕೊರತೆಯೂ ಅಲ್ಲ. ಬೆರಳು ಚುಚ್ಚಿ ತೆಗೆದ ಹನಿಯ ಬದಲು ರಕ್ತನಾಳದಿಂದ ರಕ್ತ ತೆಗೆದು ಪರೀಕ್ಷಿಸಿದ 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ, ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಕ್ತಹೀನತೆ ಕಂಡದ್ದು ಶೇ 41ರಷ್ಟು, ಕಬ್ಬಿಣದ ಕೊರತೆ ಶೇ 32ರಷ್ಟು. ಉಳಿದ ರಕ್ತಹೀನತೆಯ ಹಿಂದೆ ಬಿ12, ಫೋಲೇಟ್ ಕೊರತೆ, ಸೋಂಕುಗಳು ಇವೆ. ಸಜ್ಜೆಯಲ್ಲಿ ಎಷ್ಟೇ ಕಬ್ಬಿಣ ತುಂಬಿದರೂ ಇವಕ್ಕೆ ಮದ್ದಾಗದು. ಮಕ್ಕಳಲ್ಲಿ ಶೇ 67 ಎಂಬ ಅಂಕಿಯನ್ನು ಪ್ರಸ್ತಾವದ ಮೊದಲ ಸಾಲಿನಲ್ಲಿಟ್ಟು, ಅಷ್ಟನ್ನೂ ತಳಿಯೇ ಇಳಿಸುತ್ತದೆಂಬ ಭಾವನೆ ಹುಟ್ಟಿಸುವುದು ಸರಿಯಲ್ಲ.

ಮೊಜಾಂಬಿಕ್ ಮತ್ತು ಉಗಾಂಡಾಗಳಲ್ಲಿ ಎ ಜೀವಸತ್ವದ ಮೂಲವಸ್ತು ಇರುವ ಕಿತ್ತಳೆ ಬಣ್ಣದ ಗೆಣಸು ಯಶಸ್ವಿಯಾಯಿತು, 2016ರ ವಿಶ್ವ ಆಹಾರ ಪ್ರಶಸ್ತಿಯೂ ಅದರ ಹಿಂದಿನವರಿಗೆ ಸಂದಿತು. ಅಲ್ಲಿ ಬಣ್ಣವೇ ಗುರುತಾಗಿತ್ತು, ತಾಯಂದಿರು ಸಂತೆಯಲ್ಲಿ ನೋಡಿ ಆರಿಸಿಕೊಳ್ಳಬಹುದಿತ್ತು. ಕಬ್ಬಿಣಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಎಪಿಎಂಸಿಯಲ್ಲಿ ದಲಾಲರು ಕಾಳಿನ ಗಾತ್ರ, ತೇವ ನೋಡುತ್ತಾರೆಯೇ ಹೊರತು ಕಬ್ಬಿಣಕ್ಕೆ ಬೆಲೆ ಕಟ್ಟುವುದಿಲ್ಲ. ಎಲ್ಲ ಸಜ್ಜೆಯೂ ಒಂದೇ ರಾಶಿಗೆ ಬಿದ್ದು, ಅದರಲ್ಲಿ ಒಂದು ಭಾಗ ಕೋಳಿಯ, ದನದ ಮೇವಿಗೆ ಹೋಗುತ್ತದೆ. ಧನಶಕ್ತಿ ಹೈಬ್ರಿಡ್ ಅಲ್ಲದ್ದರಿಂದ ರೈತ ಅದರ ಬೀಜ ಎತ್ತಿಡಬಹುದು ಎಂಬುದು ದೊಡ್ಡ ಅನುಕೂಲವೇ, ಆದರೆ ಸಜ್ಜೆ ಪರಕೀಯ ಪರಾಗಸ್ಪರ್ಶದ ಬೆಳೆ. ಬದುವಿನಾಚೆ ಸಾಮಾನ್ಯ ಹೈಬ್ರಿಡ್ ಇದ್ದರೆ ಅದರ ಪರಾಗ ಗಾಳಿಯಲ್ಲಿ ಬಂದು ತೆನೆಗೆ ಸೇರುತ್ತದೆ, ಎತ್ತಿಟ್ಟ ಬೀಜದಲ್ಲಿ ವರ್ಷದಿಂದ ವರ್ಷಕ್ಕೆ ಕಬ್ಬಿಣದ ಗುಣ ತೆಳುವಾಗುತ್ತ ಹೋಗುತ್ತದೆ. ಹೈಬ್ರಿಡ್‌ನಲ್ಲೇ ಈ ಗುಣ ತರಬೇಕೆಂದರೆ ಗಂಡು ಹೆಣ್ಣು ಎರಡೂ ಪೋಷಕ ತಳಿಗಳಲ್ಲಿ ಕಬ್ಬಿಣ ಹೆಚ್ಚಿರಬೇಕು, ಒಂದರಲ್ಲಿದ್ದರೆ ಸಾಲದು.

ಖರ್ಚಿನ ವಿಷಯದಲ್ಲಿ ಮಾತ್ರ ಬೀಜದ ದಾರಿಯೇ ಮೇಲು. ಕಬ್ಬಿಣ ಬೆರೆಸಿದ, ಅಂದರೆ ಸಾರವರ್ಧಿತ ಅಕ್ಕಿಯ ಯೋಜನೆಯನ್ನು 2028ರ ಕೊನೆಯವರೆಗೆ ಮುಂದುವರಿಸಲು ಕೇಂದ್ರ ಸಂಪುಟ 2024ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿದಾಗ ಅದಕ್ಕೆ ಹಾಕಿದ ಅಂದಾಜು 17,082 ಕೋಟಿ ರೂಪಾಯಿ, ಅದನ್ನು ನಿಲ್ಲಿಸಿದ ದಿನ ಕಬ್ಬಿಣವೂ ನಿಲ್ಲುತ್ತದೆ. ತಳಿ ಅಭಿವೃದ್ಧಿಗೆ ಆ ಮಟ್ಟದ ಹಣ ಬೇಕಿಲ್ಲ.

ಹಾಗಾಗಿ ಈ ಪ್ರಸ್ತಾವದಲ್ಲಿ ನನಗೆ ಗಟ್ಟಿಯೆನಿಸುವ ಭಾಗ ಧನಶಕ್ತಿಯ ಹೆಸರಿನ ಪ್ರಚಾರಕ್ಕಿಂತ 2018ರ ಒಂದು ಸದ್ದಿಲ್ಲದ ನಿರ್ಧಾರ. ಆ ವರ್ಷದಿಂದ ಅಖಿಲ ಭಾರತ ಸಜ್ಜೆ ಸುಧಾರಣಾ ಯೋಜನೆಯಡಿ ಬಿಡುಗಡೆಗೆ ಬರುವ ಯಾವುದೇ ತಳಿಯಲ್ಲಿ ಕಿಲೋಗೆ ಕನಿಷ್ಠ 42 ಮಿಲಿಗ್ರಾಂ ಕಬ್ಬಿಣ ಮತ್ತು 32 ಮಿಲಿಗ್ರಾಂ ಸತು ಇರಲೇಬೇಕೆಂದು ಗೊತ್ತುಪಡಿಸಲಾಯಿತು. ಇಲ್ಲಿ ರೈತನೂ ದಲಾಲನೂ ಉಣ್ಣುವವರೂ ಏನನ್ನೂ ಆರಿಸಬೇಕಿಲ್ಲ, ಬದುವಿನಾಚೆಯ ಪರಾಗದ ಭಯವೂ ಕಡಿಮೆಯಾಗುತ್ತದೆ. ಆದರೆ 42 ಎಂಬುದು ಸಾಮಾನ್ಯ ಸಜ್ಜೆಯಲ್ಲಿ ಈಗಾಗಲೇ ಇರುವ ಮಟ್ಟಕ್ಕಿಂತ ಕೆಳಗಿನ ಗೆರೆ, ಅದು ಇನ್ನಷ್ಟು ಕುಸಿಯದಂತೆ ತಡೆಯುತ್ತದೆಯೇ ಹೊರತು ಯಾರ ರಕ್ತಕ್ಕೂ ಹೊಸದಾಗಿ ಏನನ್ನೂ ಸೇರಿಸುವುದಿಲ್ಲ. ಗೆರೆಯನ್ನು 60ಕ್ಕೆ ಎಳೆದರೆ ದಿನಕ್ಕೆ ನಾಲ್ಕು ರೊಟ್ಟಿ ಉಣ್ಣುವ ಹೆಂಗಸಿಗೆ ಅವಳ ಅಗತ್ಯದ ಎಂಟನೇ ಒಂದು ಪಾಲಿನಷ್ಟಾದರೂ ಹೆಚ್ಚುವರಿಯಾಗಿ ದಕ್ಕುತ್ತದೆ. ಆ ಮಟ್ಟ ಅಸಾಧ್ಯವೇನಲ್ಲ, 73 ಮಿಲಿಗ್ರಾಂ ಕಬ್ಬಿಣವಿರುವ ಹೈಬ್ರಿಡ್‌ಗಳು ಆಗಲೇ ಬಿಡುಗಡೆಯಾಗಿವೆ. ಅಷ್ಟು ಏರಿಸಿದಾಗ ಎಕರೆಗೆ ಎಷ್ಟು ಇಳುವರಿ ಬಿಟ್ಟುಕೊಡಬೇಕಾಗುತ್ತದೆ, ಅದರ ಹೊರೆ ಒಣಬೇಸಾಯದ ರೈತನ ಮೇಲೆ ಬೀಳದಂತೆ ಯಾರು ತುಂಬಿಕೊಡುತ್ತಾರೆ ಎಂಬುದನ್ನು ಮುಂದಿನ ಪ್ರಸ್ತಾವ ಬರೆಯುವವರು ಮೊದಲ ಪುಟದಲ್ಲೇ ಹೇಳಲಿ.