ನಿಮ್ಮ ಮನೆ ಲಾಂಛನದಲ್ಲಿ ಸಿಂಹ ಯಾಕ್ರೀ ಬೇಕು?

ಸ್ಕೂಲು ಶುರುವಾಗಿ ಒಂದೆರಡು ತಿಂಗಳಾಯ್ತು ಅಂದ್ರೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜು. "ಮೇಡಂ, ಫ್ಯಾಮಿಲಿ ಕ್ರೆಸ್ಟ್, ಅಂದ್ರೆ ಮನೆತನದ ಲಾಂಛನ ಬರೆಯೋ ಪ್ರಾಜೆಕ್ಟ್ ಕೊಟ್ಟಿದಾರೆ, ಸೋಮವಾರ ಸಬ್ಮಿಷನ್ನು, ನಮ್ಮ ಮನೆತನಕ್ಕೆ ಯಾವ ಸಿಂಬಲ್ ಸೂಟ್ ಆಗುತ್ತೆ ಹೇಳಿ." ಜತೆಗೆ ಗೂಗಲ್‌ನಿಂದ ಇಳಿಸಿದ ಒಂದು ಚಿತ್ರ, ಗುರಾಣಿ, ಅಡ್ಡಡ್ಡ ಎರಡು ಕತ್ತಿ, ಹಿಂಗಾಲ ಮೇಲೆ ನಿಂತಿರೋ ಸಿಂಹ. ತಾತ ಏನ್ ಮಾಡ್ತಿದ್ರು ಅಂತ ಕೇಳಿದ್ರೆ ಮಾಗಡಿ ಕಡೆ ಹಳ್ಳೀಲಿ ರೇಷ್ಮೆ ಹುಳ ಸಾಕ್ತಿದ್ರಂತೆ. ಸಿಂಹ ಎಲ್ಲಿಂದ ಬಂತೋ ದೇವ್ರಿಗೇ ಗೊತ್ತು.

ಈ ಗುರಾಣಿ ಲಾಂಛನ ಶುರುವಾಗಿದ್ದು 12ನೇ ಶತಮಾನದ ಯುರೋಪಲ್ಲಿ, ಮೈತುಂಬ ಕವಚ ತೊಟ್ಟು ಶಿರಸ್ತ್ರಾಣ ಹಾಕ್ಕೊಂಡ ಯೋಧ ಯಾರು ಅಂತ ಗೊತ್ತಾಗ್ಲಿ ಅಂತ. ಇಂಗ್ಲೆಂಡಲ್ಲಿ ಇವತ್ತಿಗೂ ಇದನ್ನ ನೋಡ್ಕೊಳ್ಳೋದು 1484ರಲ್ಲಿ ಶುರುವಾದ ಕಾಲೇಜ್ ಆಫ್ ಆರ್ಮ್ಸ್ ಅನ್ನೋ ಸಂಸ್ಥೆ, ಅವರೇ ಹೇಳೋದು ಲಾಂಛನ ಒಬ್ಬ ವ್ಯಕ್ತಿಗೆ ಕೊಡೋದು, ಅದು ಅವನ ವಂಶಕ್ಕೆ ಇಳಿದು ಬರುತ್ತೆ, ಸರ್‌ನೇಮ್‌ಗೆ ಅಂತ ಲಾಂಛನ ಇರೋದೇ ಇಲ್ಲ ಅಂತ. ಅಂದ್ರೆ ಹೆಸರು ಟೈಪ್ ಮಾಡಿದ್ರೆ ಕ್ರೆಸ್ಟ್ ಕೊಡೋ ವೆಬ್‌ಸೈಟು ಅಲ್ಲಿನವರಿಗೂ ಟೋಪಿನೇ ಹಾಕ್ತಿರೋದು. ಹಂಗಂತ ಗಂಡಭೇರುಂಡ ಹಾಕೋಣ ಅಂತ ಬರೋರೂ ಇದಾರೆ. ಅದು ಮೈಸೂರು ಒಡೆಯರದ್ದು, ಈಗ ರಾಜ್ಯ ಸರ್ಕಾರದ ಲಾಂಛನದಲ್ಲಿದೆ, ನಿಮ್ಮ ಅಡುಗೆಮನೆಗೆ ಯಾಕೆ?

ಎಷ್ಟು ಸಲ ಹೇಳಿದ್ರೂ ಅಪ್ಪ ಅಮ್ಮಂದಿರ ತಲೆಗೆ ಹೋಗದೇ ಇರೋ ಒಂದು ವಿಷಯ ಇದೆ. ಲಾಂಛನಕ್ಕೆ ಬೇಕಾಗಿರೋದು ಗುಣ ಅಲ್ಲ, ವಸ್ತು. ಸಿಂಹ ಅಂದ್ರೆ ಧೈರ್ಯ, ಕಮಲ ಅಂದ್ರೆ ಶುದ್ಧತೆ, ದೀಪ ಅಂದ್ರೆ ಜ್ಞಾನ ಅಂತ ಪಟ್ಟಿ ಹಿಡ್ಕೊಂಡು ಕೂತ್ರೆ ಕ್ಲಾಸಲ್ಲಿರೋ ಅಷ್ಟೂ ಮಕ್ಕಳ ಮನೆಗೂ ಅದೇ ಹೊಂದುತ್ತೆ, ಧೈರ್ಯ ಇಲ್ಲದ ಮನೆತನ ನಮ್ದು ಅಂತ ಯಾರ್ ತಾನೆ ಬರೀತಾರೆ ಹೇಳಿ. ಅದರಿಂದ ಮಗುವಿಗೆ ತನ್ನ ಮನೆ ಬಗ್ಗೆ ಒಂದು ಅಕ್ಷರನೂ ಹೊಸದಾಗಿ ಗೊತ್ತಾಗಲ್ಲ. ಅದೇ ಒಂದು ವಸ್ತು ಇಟ್ಕೊಂಡು ಇದು ಯಾರದ್ದು, ಯಾರು ತಂದಿದ್ದು, ಆಗ ಏನಾಯ್ತು ಅಂತ ಕೇಳಿದ್ರೆ ಕಥೆ ತಾನಾಗೇ ಹೊರಗೆ ಬರುತ್ತೆ. ನಮ್ಮ ವೀರಗಲ್ಲು ನೋಡಿ ಬೇಕಾದ್ರೆ. ದನ ಉಳಿಸೋಕೆ ಹೋಗಿ ಸತ್ತವನ ಕಲ್ಲಲ್ಲಿ ಧೈರ್ಯಕ್ಕೊಂದು ಚಿಹ್ನೆ ಅಂತ ಕೆತ್ತಿಲ್ಲ, ದನಾನೇ ಕೆತ್ತಿದಾರೆ. ಕೆಳಗಡೆ ಪಟ್ಟೀಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ಅವನನ್ನ ಕರ್ಕೊಂಡು ಹೋಗೋದು, ಮೇಲೆ ಲಿಂಗಪೂಜೆ, ತುದೀಲಿ ಸೂರ್ಯ ಚಂದ್ರ, ಓದೋಕೆ ಬರದೇ ಇರೋನಿಗೂ ಪೂರ್ತಿ ಕಥೆ ಸಿಗುತ್ತೆ. ಮಕ್ಕಳನ್ನ ಬೇಗೂರಿಗೆ ಕರ್ಕೊಂಡು ಹೋಗಿ, ಅಲ್ಲಿನ ದೇವಸ್ಥಾನದ ಸುಮಾರು ಕ್ರಿ.ಶ. 890ರ ಶಾಸನದಲ್ಲೇ ಬೆಂಗಳೂರಿನ ಹೆಸರು ಬರೋದು, ಅದೂ ಒಂದು ಕಾಳಗದ ಪ್ರಸ್ತಾಪದಲ್ಲಿ. ಆಮೇಲೆ ಒಂದು ಶೀಟ್‌ನ ಮೂರು ಪಟ್ಟಿ ಮಾಡಿ ಮನೆಯ ಒಂದು ಕಥೆ ಬರೆಸಿ, ಗುರಾಣಿ ಟೆಂಪ್ಲೇಟ್‌ಗಿಂತ ಸಾವಿರ ಪಾಲು ವಾಸಿ.

ಮತ್ತಿಕೆರೆ ಕಡೆಯಿಂದ ಬರ್ತಿದ್ದ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಒಂದು ದೊಡ್ಡ ಕಣ್ಣು ಬರೆದಿದ್ಲು, ಅದರ ಮೇಲೆ ಕಪ್ಪು ಡಬ್ಬಿ ಥರ ಏನೋ, ಇನ್ನೊಂದು ಕಣ್ಣು ಮುಚ್ಚಿದೆ. ಅಮ್ಮನಿಗೆ ಸುತಾರಾಂ ಇಷ್ಟ ಆಗ್ಲಿಲ್ಲ, ದೃಷ್ಟಿಬೊಂಬೆ ಥರ ಇದೆ ಅಂದ್ರು. ಮುಂದಿನ ವಾರ ನೋಡ್ತೀನಿ, ಹೊಸ ಚಾರ್ಟಲ್ಲಿ ಕಳಸ, ಮಾವಿನೆಲೆ, ಸ್ಕೆಚ್ ಪೆನ್ನಲ್ಲಿ ನೀಟಾಗಿ ಔಟ್‌ಲೈನು, ಯಾರ ಕೈ ಅಂತ ಬೇರೆ ಹೇಳಬೇಕಾ. ಇದೇನು ಪುಟ್ಟಿ ಅಂದೆ. "ಶುಭ, ಮ್ಯಾಮ್." ಯಾರದ್ದು? "ಗೊತ್ತಿಲ್ಲ." ಸರಿ, ಆ ಕಣ್ಣು? ಅಷ್ಟೇ ನೋಡಿ, ಮಾತು ನಿಲ್ಲಲೇ ಇಲ್ಲ. ಅವಳ ಅಜ್ಜಿ ಜಾಲಹಳ್ಳಿ ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಇದ್ದಿದ್ದಂತೆ, ಕಣ್ಣಿಗೆ ಲೆನ್ಸ್ ಸಿಕ್ಕಿಸ್ಕೊಂಡು ಚಿಮಟದಲ್ಲಿ ಸ್ಕ್ರೂ ಎತ್ತಿ ಇಡೋ ಕೆಲಸ, ಸೀನು ಬಂದ್ರೆ ಮೊದಲು ಮುಖ ತಿರುಗಿಸ್ಕೋಬೇಕಂತೆ ಇಲ್ಲಾಂದ್ರೆ ಸ್ಕ್ರೂ ಮಾಯ, ಈಗಲೂ ಸೂಜಿಗೆ ದಾರ ಪೋಣಿಸೋವಾಗ ಒಂದು ಕಣ್ಣು ತಾನಾಗೇ ಮುಚ್ಕೊಳ್ಳುತ್ತಂತೆ. ಪಕ್ಕದಲ್ಲಿ ಕೂತಿದ್ದ ಅಮ್ಮ "ಅತ್ತೆ ನಂಗೆ ಇದೆಲ್ಲ ಹೇಳೇ ಇಲ್ವಲ್ಲ" ಅಂದ್ರು. ನೀವು ಕೇಳಿದ್ರೇನಮ್ಮ ಅಂತ ಬಾಯಿಗೆ ಬಂತು, ನುಂಗ್ಕೊಂಡೆ.

ಬೆಂಗಳೂರಲ್ಲಿ ಇಂಥ ಮನೆಗಳು ಲೆಕ್ಕ ಇಲ್ಲದಷ್ಟಿವೆ. 1961ರಲ್ಲಿ ಜಪಾನಿನ ಸಿಟಿಜನ್ ಜತೆ ಸೇರಿ ಎಚ್‌ಎಂಟಿ ವಾಚ್ ಶುರುವಾಗಿದ್ದು ಇಲ್ಲೇ, ಟೆಲಿಫೋನ್ ಮಾಡ್ತಿದ್ದ ಐಟಿಐ, ವಿಮಾನದ ಎಚ್‌ಎಎಲ್, ಬಟ್ಟೆಯ ಬಿನ್ನಿ ಮಿಲ್ಲು ಅಂತ ಎಷ್ಟು ಜನ ಸೈರನ್ ಕೇಳಿ ಎದ್ದೋರು. ಕ್ಯಾಂಟೀನ್ ಟೋಕನ್ನು, ಪಾಸು, ಮೂರು ಅಂತಸ್ತಿನ ಕ್ಯಾರಿಯರ್ರು, ಇವೆಲ್ಲ ಲಾಂಛನಕ್ಕೆ ಎಷ್ಟು ಚೆನ್ನಾಗಿ ಕೂರುತ್ತೆ ಗೊತ್ತಾ, ಆದ್ರೆ ಮಗ ಸಾಫ್ಟ್‌ವೇರಲ್ಲಿ ಇದ್ದಾನೆ ನೋಡಿ, ಟೋಕನ್ ಬರೆದ್ರೆ ಮರ್ಯಾದೆ ಕಡಿಮೆ.

ಎಲ್ಲಿಂದ ಶುರು ಮಾಡೋದು ಅಂದ್ರೆ ಪಾತ್ರೆಯಿಂದ. ನಮ್ಮ ಮನೆಗಳ ಸ್ಟೀಲು ಹಿತ್ತಾಳೆ ಪಾತ್ರೆ ಅಂಚಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು, ತಾರೀಖು ಕೆತ್ತಿರುತ್ತಲ್ಲ, ಅದರ ಮೇಲೆ ತೆಳು ಬಟರ್ ಪೇಪರ್ ಇಟ್ಟು, ಜರುಗದ ಹಾಗೆ ಟೇಪ್ ಹಚ್ಚಿ, 2ಬಿ ಪೆನ್ಸಿಲ್‌ನ ಓರೆ ಮಾಡಿ ಮೆಲ್ಲಗೆ ಉಜ್ಜೋಕೆ ಹೇಳಿ. ಅಕ್ಷರ ಮೇಲೆ ಬರೋದು ನೋಡಿ ಮಕ್ಕಳಿಗೆ ಮಜಾ. ಯಾರದೋ ಮದುವೆ, ಯಾರದೋ ಗೃಹಪ್ರವೇಶ, "ಇವ್ರು ಯಾರು?" ಅಂತ ಪ್ರಶ್ನೆ ಅವರೇ ಕೇಳ್ತಾರೆ. ದಸರಾ ಗೊಂಬೆ ಕೂರಿಸೋ ಮನೆ ಆದ್ರೆ ಪಟ್ಟದ ಗೊಂಬೆ ಯಾರ ತವರಿಂದ ಬಂತು ಅಂತ ಕೇಳಿಸಿ, ತಾಯಿ ಕಡೆ ಹೆಂಗಸರ ಹೆಸರು ವಂಶವೃಕ್ಷದಲ್ಲಿ ಸಿಗದೇ ಇದ್ರೂ ಅಲ್ಲಿ ಸಿಗಬಹುದು. ಅಜ್ಜಿ ಕೈ ಮೇಲೆ ಹಚ್ಚೆ ಇದ್ರಂತೂ ಬಿಡಲೇ ಬೇಡಿ.

ಸ್ವಲ್ಪ ಹುಷಾರಾಗಿರಬೇಕಾದ ವಿಷಯನೂ ಇದೆ. ಕೆಲವು ಸಮುದಾಯಗಳಲ್ಲಿ ಗಿಡ, ಪ್ರಾಣಿ ಹೆಸರಿನ ಬೆಡಗು, ಬಳಿ ಅನ್ನೋ ವಂಶದ ಗುರುತು ಇರುತ್ತೆ, ಚಿತ್ರಕ್ಕೆ ಬಹಳ ಚೆನ್ನಾಗಿರುತ್ತೆ, ಆದ್ರೆ ಅದನ್ನ ಕ್ಲಾಸಲ್ಲಿ ಹೇಳಿಸಿದ್ರೆ ಜಾತಿ ಕೇಳಿದ ಹಾಗೇ ಆಗುತ್ತೆ, ನಾನಂತೂ ಕೇಳಲ್ಲ, ಮಗು ತಾನಾಗಿ ತಂದ್ರೆ ಮಾತ್ರ. ಅಪ್ಪ ಅಮ್ಮ ಬೇರೆ ಆಗಿರಬಹುದು, ಮಗುನ ದತ್ತು ತಗೊಂಡಿರಬಹುದು, ಮನೇಲಿ ಯಾರೋ ಹೋಗಿ ಇನ್ನೂ ವರ್ಷ ಆಗಿಲ್ಲದೇ ಇರಬಹುದು, ಟೀಚರ್‌ಗಳು ದಯವಿಟ್ಟು ನಿನಗೆ ಬೇಕಾದ ಒಂದು ವಸ್ತು ತಗೊಂಡು ಬಾ ಅಂತಷ್ಟೇ ಹೇಳಿ. ಮಗು ಖಾಲಿ ಜಾಗ ಬಿಟ್ರೆ ತುಂಬಿಸೋಕೆ ಹೋಗಬೇಡಿ. ಕಪ್ಪು ಬಣ್ಣ ಹಾಕಿದ ತಕ್ಷಣ ಮಗುಗೆ ಏನೋ ಆಗಿದೆ ಅಂತ ಫೋನ್ ಮಾಡೋರೂ ಇದಾರೆ, ಎಷ್ಟೋ ಸಲ ಡಬ್ಬೀಲಿ ಉಳಿದಿದ್ದ ಕ್ರೇಯಾನ್ ಅದೊಂದೇ ಆಗಿರುತ್ತೆ. ಚಿತ್ರ ನೋಡಿ ರೋಗ ಹೇಳೋಕೆ ನಾನು ಡಾಕ್ಟರಲ್ಲ. ಮಗು ನಿದ್ದೆ ಊಟ ಬಿಟ್ಟಿದ್ರೆ ಚಿತ್ರದ ವಿಷಯ ಪಕ್ಕಕ್ಕಿಟ್ಟು ಮಕ್ಕಳ ಕೌನ್ಸೆಲರ್ ಹತ್ರ ಹೋಗಿ.

ಆಮೇಲೆ ಲ್ಯಾಮಿನೇಷನ್. ಬೇಡ. ಒಂದ್ ಸಲ ಮಾಡಿಸಿದ್ರೆ ಬಿಡಿಸೋಕೆ ಬರಲ್ಲ, ಮಗು ಮುಂದಿನ ವರ್ಷ ಇನ್ನೊಂದು ಕಥೆ ಕೇಳ್ಕೊಂಡು ಬಂದ್ರೆ ಅದ್ರಲ್ಲಿ ಸೇರಿಸೋಕಾಗಲ್ಲ. ಹಾಳೆ ಹಿಂದೆ ಯಾರು ಹೇಳಿದ್ದು, ಯಾವತ್ತು ಅಂತ ಪೆನ್ಸಿಲಲ್ಲಿ ಬರೆಸಿ, ಫೈಲಲ್ಲಿ ಹಾಕಿಡಿ, ಸಾಕು.