ನಾನು ಬರೆದ ಸಾಹಸವನ್ನು ಬೇರೆಯವರಿಗೂ ಕೊಡಬಹುದೇ?

ಪ್ರಶ್ನೆ: ನಾವು ಐದು ಜನ ಗೆಳೆಯರು ಮಂಡ್ಯದಲ್ಲಿ ವಾರಕ್ಕೊಂದು ಸಲ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡ್ತೀವಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಕಥೆ ಮುಂದುವರಿಸೋ ಆಟ. ಡಿಎಂ (ಕಥೆ ಹೇಳಿ ಆಟ ನಡೆಸೋರು) ನಾನೇ. ನಮ್ಮ ಕಡೆಯ ಆಲೆಮನೆ, ನಾಲೆ, ಕಬ್ಬಿನ ಗದ್ದೆ ಎಲ್ಲಾ ಸೇರಿಸಿ ಒಂದು ಸಾಹಸ, ಅಂದ್ರೆ ಆಡೋಕೆ ಬೇಕಾದ ಕಥೆಯ ಹಂದರ, ಬರೆದಿದ್ದೀನಿ. ಆಡಿದವರು ಚೆನ್ನಾಗಿದೆ ಅಂತಾರೆ. ಇದನ್ನ ಬೇರೆ ಗುಂಪಿನವರಿಗೂ ಕೊಡಬಹುದಾ ಸಾರ್? ಕಂಪನಿಯವರು ಕೇಸ್ ಹಾಕ್ತಾರಾ? ಕೊಡೋದಾದ್ರೆ ಹೇಗೆ ಕೊಡಬೇಕು?

ಉತ್ತರ: ಧಾರಾಳವಾಗಿ ಕೊಡಿ. ಮೈಸೂರಿನಲ್ಲಿ ಆಟ ಆಡಿಸುವವರು ಸೇರಿದಲ್ಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಕೇಳುವವರೆಲ್ಲ ಕೇಸಿನ ಭಯದಿಂದಲೇ ಮಾತು ಶುರು ಮಾಡುತ್ತಾರೆ. ಕಾನೂನಿನ ಕೆಲಸ ಒಂದು ಸಂಜೆ ಕುಳಿತರೆ ಮುಗಿದುಹೋಗುತ್ತದೆ. ಶ್ರಮ ಬೇಕಾಗುವುದು ಬರವಣಿಗೆಗೆ. ನಿಮ್ಮ ಮುಖವನ್ನೇ ನೋಡಿರದ ಒಬ್ಬರು ನಂಜನಗೂಡಿನಲ್ಲೋ ಹಾಸನದಲ್ಲೋ ನಿಮ್ಮ ಹಾಳೆಗಳನ್ನು ಮುಂದಿಟ್ಟುಕೊಂಡು, ನಿಮಗೊಂದು ಫೋನೂ ಮಾಡದೆ, ಆಟ ನಡೆಸುವಂತಾಗಬೇಕು. ಆದ್ದರಿಂದ ಕಾನೂನನ್ನು ಮೊದಲು ಮುಗಿಸಿಕೊಂಡು ಅಲ್ಲಿಗೆ ಬರುತ್ತೇನೆ.

ಆಟವಾಡುವ ಕ್ರಮಕ್ಕೆ ಯಾರೂ ಒಡೆಯರಿಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಎಂ) ಪ್ರಕಾರ ಆಟದ ವಿಧಾನಕ್ಕೆ ಪೇಟೆಂಟ್ ಸಿಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಕಾಯುವುದು ಬರೆದ ರೂಪವನ್ನು. ಅದರ ಹಿಂದಿನ ವಿಚಾರ ಎಲ್ಲರದು ಎಂಬುದನ್ನು ಸುಪ್ರೀಂ ಕೋರ್ಟ್ 1978ರ ಆರ್. ಜಿ. ಆನಂದ್ ಮೊಕದ್ದಮೆಯಲ್ಲಿ ಬಿಡಿಸಿ ಹೇಳಿದೆ. ಹಾಗಾಗಿ ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದ ಅಂಕಿಗೆ ಇಷ್ಟು ಕೂಡಿಸಿ, ಇಂಥ ಅಂಕಿ ದಾಟಿದರೆ ಗೆಲುವು ಎಂದು ನಿಮ್ಮ ಮಾತಿನಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಡ. ಕೊಂಡು ತಂದ ಪುಸ್ತಕದ ಪುಟಗಳನ್ನು ಹಾಗೇ ಇಳಿಸುವಂತಿಲ್ಲ. ಸಾಲುಸಾಲಾಗಿ ಕನ್ನಡಕ್ಕೆ ತಂದರೂ ಅದೇ ಕಥೆ, ಏಕೆಂದರೆ ಅನುವಾದದ ಹಕ್ಕೂ ಮೂಲ ಬರೆದವರದೇ.

ಹಾಗಾದರೆ ಮಂತ್ರಗಳ ವಿವರ, ರಾಕ್ಷಸರ ಅಂಕಿಗಳು ಎಲ್ಲಿಂದ ತರುವುದು? ಅದಕ್ಕೊಂದು ದಾರಿ ಇದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟ ಮುಂದೆ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯ ಕೈಗೆ ಬಂತು. ಕಂಪನಿ 2000ದಲ್ಲಿ ಓಪನ್ ಗೇಮ್ ಲೈಸೆನ್ಸ್ ಎಂಬ ಪರವಾನಗಿ ಕೊಟ್ಟು, ಆಟದ ತಿರುಳನ್ನು ಯಾರು ಬೇಕಾದರೂ ಬಳಸಬಹುದೆಂದಿತು. 2023ರ ಜನವರಿಯಲ್ಲಿ ಆ ಪರವಾನಗಿಯನ್ನು ಬಿಗಿಮಾಡುವ ಹೊಸ ಕರಡು ಸೋರಿತು. ಜಗತ್ತಿನಾದ್ಯಂತ ಆಡುವವರೂ ಬರೆಯುವವರೂ ತಿರುಗಿಬಿದ್ದರು. ಅದೇ ತಿಂಗಳ 27ರಂದು ಕಂಪನಿ ಹಿಂದೆ ಸರಿದು, ಸುಮಾರು 400 ಪುಟಗಳ ಎಸ್‌ಆರ್‌ಡಿ 5.1 ಎಂಬ ನಿಯಮಗಳ ದಾಖಲೆಯನ್ನು ಮೂಲದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಬಿವೈ 4.0 ಪರವಾನಗಿಯಡಿ ಬಿಟ್ಟುಕೊಟ್ಟಿತು. ಇದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಹೊಸ ಪುಸ್ತಕಗಳಿಗೆ ಹೊಂದುವ 5.2 ಕೂಡ 2025ರಲ್ಲಿ ಇದೇ ಪರವಾನಗಿಯಲ್ಲಿ ಬಂದಿದೆ. ಬೆಂಗಳೂರಿನಿಂದ ತರಿಸುವ ದುಬಾರಿ ಪುಸ್ತಕ ಕೈಯಲ್ಲಿಲ್ಲದ ಹುಡುಗ ಹುಡುಗಿಯರೂ ಇವತ್ತು ಧೈರ್ಯವಾಗಿ ಬರೆಯಬಹುದಾದರೆ, ಆ ತಿಂಗಳು ದನಿ ಎತ್ತಿದ ಸಾವಿರಾರು ಜನರ ಋಣ ಅದರಲ್ಲಿದೆ.

ನೀವು ಮಾಡಬೇಕಾದ್ದು ಇಷ್ಟೇ. ಆ ದಾಖಲೆಯ ಮೊದಲಲ್ಲೇ ಒಂದು ಕೃತಜ್ಞತೆಯ ವಾಕ್ಯ ಕೊಟ್ಟಿದ್ದಾರೆ, ಅದನ್ನು ಅಕ್ಷರ ಬದಲಿಸದೆ ನಿಮ್ಮ ಪುಸ್ತಿಕೆಯಲ್ಲಿ ಹಾಕಿ. ಕನ್ನಡಕ್ಕೆ ತಂದಿದ್ದರೆ, ಅಂಕಿ ತಿದ್ದಿದ್ದರೆ, ಹಾಗೆಂದು ಒಂದು ಸಾಲು ಸೇರಿಸಿ. ರಕ್ಷಾಪುಟದ ಮೇಲೆ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಗುರುತಾಗಲಿ ಅದರ ಲಾಂಛನವಾಗಲಿ ಬೇಡ. ಐದನೇ ಆವೃತ್ತಿಗೆ ಹೊಂದುತ್ತದೆ ಎಂದು ಬರೆಯಲು ದಾಖಲೆಯೇ ಒಪ್ಪಿಗೆ ಕೊಟ್ಟಿದೆ. ಬಿಹೋಲ್ಡರ್, ಮೈಂಡ್ ಫ್ಲೇಯರ್‌ನಂಥ ಕೆಲವು ಜೀವಿಗಳ ವಿವರ ಅದರಲ್ಲಿಲ್ಲ, ಅವುಗಳನ್ನು ಕಂಪನಿ ತನಗೇ ಇಟ್ಟುಕೊಂಡಿದೆ. ನಿಮಗೆ ಅವು ಬೇಕಾಗುವುದೂ ಇಲ್ಲ. ನಮ್ಮಲ್ಲಿ ಕೊಳ್ಳಿದೆವ್ವ ಇದೆ.

ಇನ್ನು ಬರವಣಿಗೆ. ಮನೆಯಲ್ಲಿ ಆಡಿಸಿದ ಸಾಹಸದ ಅರ್ಧ ಭಾಗ ಡಿಎಂ ತಲೆಯಲ್ಲೇ ಇರುತ್ತದೆ. ಹಾಳೆಯ ಮೇಲಿರುವುದು ನಾಲ್ಕು ಹೆಸರು, ಒಂದು ನಕ್ಷೆ, ಎರಡು ಅಂಕಿ. ಹಂಚಲು ಕೂತಾಗ ಬಹಳ ಜನ ಇದನ್ನು ಕಥೆಯಾಗಿ ಬೆಳೆಸುತ್ತಾರೆ: ವೀರರು ನಾಲೆ ದಾಟುತ್ತಾರೆ, ಆಲೆಮನೆಗೆ ಬರುತ್ತಾರೆ, ಯಜಮಾನನ ಮೋಸ ಬಯಲಾಗುತ್ತದೆ. ಓದಲು ಸೊಗಸಾಗಿರುತ್ತದೆ, ಆಡಿಸಲು ಬರುವುದಿಲ್ಲ. ಆಡುವವರು ನಾಲೆಯನ್ನೇ ದಾಟದೆ ಯಜಮಾನನ ಹೆಂಡತಿಯ ಹತ್ತಿರ ಮಾತಿಗೆ ಕೂತರೆ ಹೊಸ ಡಿಎಂ ಏನು ಮಾಡಬೇಕು? ನಿಮ್ಮ ಗುಂಪು ಏನು ಮಾಡಿತು ಎಂಬುದನ್ನು ತೆಗೆದುಹಾಕಿ. ಅವರು ಬರುವ ಮುಂಚೆ ಅಲ್ಲಿ ಏನಿತ್ತು ಎಂಬುದನ್ನು ಬರೆಯಿರಿ.

ನಿಮ್ಮ ಸಾಹಸದಲ್ಲಿ ಏನಿದೆಯೋ ಗೊತ್ತಿಲ್ಲ. ತೋರಿಸಲಿಕ್ಕಾಗಿ ಒಂದನ್ನು ನಾನೇ ಹೆಣೆಯುತ್ತೇನೆ.

ಊರ ಹೊರಗಿನ ಆಲೆಮನೆಯಲ್ಲಿ ಮೂರು ದಿನದಿಂದ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗುತ್ತಿಲ್ಲ. ರಾತ್ರಿ ನಾಲೆ ಏರಿಯ ಮೇಲೆ ಬೆಂಕಿಯುಂಡೆಯೊಂದು ಓಡಾಡುತ್ತದೆ. ಯಜಮಾನನಿಗೆ ಈ ಸುದ್ದಿ ಬೆಲ್ಲದ ಮಂಡಿಗೆ ಮುಟ್ಟಬಾರದು. ಕೂಲಿಯವನೊಬ್ಬ ನಾಲೆಗೆ ಬಿದ್ದು ಸತ್ತದ್ದನ್ನು ಆತ ಮುಚ್ಚಿಟ್ಟಿದ್ದಾನೆ. ಒಲೆ ಉರಿಸುವ ಮುದುಕಿಗೆ ಎಲ್ಲಾ ಗೊತ್ತು. ಅವಳ ಮಗನಿಗೆ ಇಲ್ಲೇ ಕೆಲಸವಿರುವುದರಿಂದ ಬಾಯಿ ಬಿಡಳು. ಸತ್ತವನಿಗೆ ಬೇಕಾದ್ದು ಒಂದೇ, ತನ್ನ ಬಾಕಿ ಕೂಲಿ ಮನೆಗೆ ತಲುಪಬೇಕು. ಯಾರೂ ಏನೂ ಮಾಡದಿದ್ದರೆ ನಾಲ್ಕನೇ ರಾತ್ರಿ ಕೊಪ್ಪರಿಗೆ ಒಡೆಯುತ್ತದೆ, ಐದನೇ ರಾತ್ರಿ ಯಜಮಾನ ನಾಪತ್ತೆಯಾಗುತ್ತಾನೆ.

ಇಷ್ಟು ಬರೆದರೆ ಸಾಹಸ ನಿಂತಿತು. ಆಡುವವರು ಯಾವ ಬಾಗಿಲಿನಿಂದ ಬಂದರೂ ಡಿಎಂಗೆ ಉತ್ತರ ಸಿಗುತ್ತದೆ, ಏಕೆಂದರೆ ಯಾರಿಗೆ ಏನು ಬೇಕು, ಯಾರು ಏನನ್ನು ಮುಚ್ಚಿಡುತ್ತಿದ್ದಾರೆ ಎಂಬುದು ಗೊತ್ತಿದೆ. ಇನ್ನು ಸತ್ಯಕ್ಕೆ ಹೋಗುವ ದಾರಿ. ಒಂದೇ ಸುಳಿವಿನ ಮೇಲೆ ಇಡೀ ಆಟವನ್ನು ನಿಲ್ಲಿಸಬೇಡಿ. ದಾಳ ಕೈಕೊಟ್ಟರೆ ಆಟ ಅಲ್ಲೇ ನಿಂತುಬಿಡುತ್ತದೆ. ಕೂಲಿ ಲೆಕ್ಕದ ಪುಸ್ತಕದಲ್ಲಿ ಅಳಿಸಿದ ಹೆಸರು, ಕಬ್ಬಿನ ಸಿಪ್ಪೆಯ ರಾಶಿಯ ಹಿಂದೆ ಯಾರೂ ಮುಟ್ಟದ ಬಟ್ಟೆಗಂಟು, ಸಂಜೆ ಮುದುಕಿ ಏರಿಯ ಮೇಲೆ ಇಟ್ಟುಬರುವ ಬೆಲ್ಲದ ಉಂಡೆ. ಮೂರೂ ಒಂದೇ ಸತ್ಯವನ್ನು ತೋರಿಸುತ್ತವೆ, ಮೂರೂ ಬೇರೆ ಬೇರೆ ಜಾಗದಲ್ಲಿವೆ. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ.

ಅಂಕಿಗಳಿಗೆ ಬರೋಣ. ಎಸ್‌ಆರ್‌ಡಿ 5.1ರಲ್ಲಿ ವಿಲ್-ಓ-ವಿಸ್ಪ್ ಎಂಬ ಜೀವಿ ಇದೆ, ನಮ್ಮ ಕೊಳ್ಳಿದೆವ್ವಕ್ಕೆ ಹೇಳಿಮಾಡಿಸಿದ್ದು. ಆರ್ಮರ್ ಕ್ಲಾಸ್ (ಏಟು ತಾಗಲು ದಾಳದಲ್ಲಿ ಬರಬೇಕಾದ ಮೊತ್ತ) 19, ಹಿಟ್ ಪಾಯಿಂಟ್ (ಜೀವಬಲ) 22, ಚಾಲೆಂಜ್ ರೇಟಿಂಗ್ (ಎದುರಿಸುವ ಕಷ್ಟದ ಅಳತೆ) 2. ಆದರೆ ಇದನ್ನು ಮೊದಲ ಲೆವೆಲ್ಲಿನ, ಅಂದರೆ ಆಗಷ್ಟೇ ಶುರು ಮಾಡಿದ ಪಾತ್ರಗಳ, ಗುಂಪಿನ ಮುಂದೆ ಹಾಗೇ ನಿಲ್ಲಿಸಿದರೆ ಅನಾಹುತ. ಅದರ ಒಂದು ಏಟು ಎಂಟು ಮುಖದ ಎರಡು ದಾಳ, ಸರಾಸರಿ 9. ಮೊದಲ ಲೆವೆಲ್ಲಿನ ಮಂತ್ರಗಾರ ಪಾತ್ರವಾದ ವಿಝರ್ಡ್‌ಗೆ ಇರುವುದು 6 ಹಿಟ್ ಪಾಯಿಂಟ್, ಜೊತೆಗೆ ಮೈಕಟ್ಟಿನ ಚೂರುಪಾರು. ಬಿದ್ದವನ ಪಕ್ಕ ಬಂದು ಉಸಿರನ್ನೇ ಹೀರುವ ಶಕ್ತಿಯೂ ಅದಕ್ಕಿದೆ. ಕಾನ್‌ಸ್ಟಿಟ್ಯೂಷನ್ ಸೇವ್‌ನಲ್ಲಿ (ಮೈಕಟ್ಟಿನ ಬಲದಿಂದ ತಡೆದುಕೊಳ್ಳಲು ಉರುಳಿಸುವ ದಾಳದಲ್ಲಿ) 10 ಬರದಿದ್ದರೆ ಅಲ್ಲೇ ಸಾವು. ನಾನಾದರೆ ಒಂದು ದಾಳ ತೆಗೆದು, ಉಸಿರು ಹೀರುವ ಶಕ್ತಿಯನ್ನು ಬಿಟ್ಟು, ಕೂಲಿ ಹಣವನ್ನು ಕೈಯಲ್ಲಿ ಹಿಡಿದು ತೋರಿಸಿದರೆ ಅದು ಏಟು ನಿಲ್ಲಿಸುತ್ತದೆ ಎಂದು ಸೇರಿಸುತ್ತೇನೆ. ಯಾವ ಲೆವೆಲ್ಲಿನ ಎಷ್ಟು ಜನರಿಗೆ ಬರೆದದ್ದು ಎಂಬುದು ಮೊದಲ ಪುಟದಲ್ಲೇ ಇರಲಿ.

ಬರೆದಾದ ಮೇಲೆ ನಿಮ್ಮ ಗುಂಪಿನ ಬೇರೊಬ್ಬರ ಕೈಗೆ ಹಾಳೆ ಕೊಟ್ಟು, ಹೊಸ ಆಟಗಾರರಿಗೆ ಆಡಿಸಲು ಹೇಳಿ. ನೀವು ಪಕ್ಕದಲ್ಲಿ ಕೂತು ಒಂದು ಮಾತೂ ಆಡಬಾರದು. ಅವರು ಎಲ್ಲಿ ಪುಟ ತಿರುವಿ ಹುಡುಕಾಡುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ. ನಾನು ಕಂಡ ಪರೀಕ್ಷೆಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಇಲ್ಲಿ ನೆನಪಾಗುತ್ತಾರೆ. ಅವರು ತಾವೇ ಹಲಗೆಯಾಟಗಳನ್ನು, 360 ಎಲೆಗಳವರೆಗೆ ಬೆಳೆಯುವ ಗಂಜೀಫಾ ಎಂಬ ಇಸ್ಪೀಟಿನಂಥ ಆಟಗಳನ್ನು ಕಟ್ಟಿದರು. ಕಟ್ಟಿ ಸುಮ್ಮನಿರಲಿಲ್ಲ, ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರವನ್ನು ದಾಖಲಿಸಿದರು. ಅರಮನೆಯ ಆ ಆಟಗಳ ಬಗ್ಗೆ ಇವತ್ತು ನಾವು ಮಾತನಾಡುತ್ತಿರುವುದು ಅವು ಬರಹಕ್ಕೆ ಇಳಿದದ್ದರಿಂದ. ಊರಮನೆಗಳ ಜಗಲಿಯಲ್ಲಿ ಕೊರೆದ ಹುಲಿ-ಕುರಿ ಮನೆಗಳನ್ನು ನೋಡುವಾಗಲೆಲ್ಲ, ಅಲ್ಲಿ ಹುಟ್ಟಿ ಬರೆಯುವವರಿಲ್ಲದೆ ಹೋದ ಎಷ್ಟು ಆಟಗಳಿದ್ದವೋ ಅನ್ನಿಸುತ್ತದೆ.

ನಮ್ಮ ನೆಲದ ಕಥೆಗಳನ್ನು ಬಳಸುವ ಬಗ್ಗೆಯೂ ಹೇಳಬೇಕು. ತಲಕಾಡಿನ ಮರಳು, ಅಲಮೇಲಮ್ಮನ ಶಾಪ, ಮೇಲುಕೋಟೆಯ ಅಕ್ಕ-ತಂಗಿ ಕೊಳ, ಶ್ರೀರಂಗಪಟ್ಟಣದ ಬೈಲಿ ಡಂಜನ್: ಸಾಹಸಕ್ಕೆ ಇದಕ್ಕಿಂತ ಬೇರೆ ಏನು ಬೇಕು! ಜನಪದ ಕಥೆ ಎಲ್ಲರದು. ಆದರೆ ನೀಲಗಾರರ ಬಾಯಿಂದ ಕೇಳಿ ವಿದ್ವಾಂಸರು ಸಂಪಾದಿಸಿ ಅಚ್ಚುಹಾಕಿಸಿದ ಮಂಟೇಸ್ವಾಮಿ ಕಾವ್ಯದ ಪುಸ್ತಕದಿಂದ ಸಾಲುಗಳನ್ನು ಎತ್ತಿಕೊಳ್ಳುವುದಾದರೆ ಆ ಪುಸ್ತಕದ ಹಕ್ಕು ನೋಡಬೇಕು, ಹಾಡಿದವರನ್ನೂ ನೆನೆಯಬೇಕು. ಲೇಖಕರ ಬರಹವಾದರೆ, ಅವರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ 2054 ಮುಗಿಯುವವರೆಗೆ ಅವರ ಪದ್ಯವನ್ನು ಕೇಳದೆ ಸೇರಿಸುವಂತಿಲ್ಲ. ಮಂಟೇಸ್ವಾಮಿ, ಮಲೆ ಮಾದಪ್ಪ ಇವರೆಲ್ಲ ಇವತ್ತಿಗೂ ಜನ ಹರಕೆ ಹೊರುವ ದೇವರು. ಅವರಿಗೆ ಹಿಟ್ ಪಾಯಿಂಟ್ ಬರೆದು ಹೊಡೆದಾಟಕ್ಕೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಜಾತ್ರೆ, ಹರಕೆ, ಕಂಡಾಯ ಹೊತ್ತವರ ನಡುವೆ ಕಥೆ ನಡೆಯಲಿ.

ನಿಮ್ಮ ಗೆಳೆಯರ ಪಾಲನ್ನು ಮರೆಯಬೇಡಿ. ಆಟದ ಮಧ್ಯೆ ಅವರು ಹುಟ್ಟಿಸಿದ ಪಾತ್ರ, ಹೆಸರು, ಒಳ್ಳೆಯ ತಿರುವು ನಿಮ್ಮ ಪುಸ್ತಿಕೆಗೆ ಬಂದಿದ್ದರೆ ಕೇಳಿಯೇ ಹಾಕಿ, ಅವರ ಹೆಸರನ್ನೂ ಮುದ್ರಿಸಿ. ಚಿತ್ರಕ್ಕೂ ಇದೇ ಮಾತು. ಗೂಗಲ್‌ನಲ್ಲಿ ಸಿಕ್ಕಿದ ಚಿತ್ರ ಯಾರೋ ಬರೆದದ್ದು. ಗೆರೆ ಸೊಟ್ಟಗಿದ್ದರೂ ನಿಮ್ಮ ಕೈಯ ನಕ್ಷೆಯೇ ಲೇಸು.

ನಿಮ್ಮ ಕೃತಿಗೂ ಒಂದು ಪರವಾನಗಿ ಬೇಕು. ಏನೂ ಬರೆಯದಿದ್ದರೆ ಎಲ್ಲ ಹಕ್ಕೂ ನಿಮ್ಮಲ್ಲೇ ಉಳಿಯುತ್ತದೆ, ಅದಕ್ಕೆ ನೋಂದಣಿಯೂ ಬೇಡ. ಆದರೆ ಇನ್ನೊಬ್ಬರು ತಿದ್ದಿ ಹಂಚಲು ಹೆದರುತ್ತಾರೆ. ನಾನು ಬಿವೈ ಪರವಾನಗಿಯನ್ನೇ ಹಾಕಿ ಎನ್ನುತ್ತೇನೆ. ನಿಮ್ಮ ಹೆಸರು ಉಳಿಯುತ್ತದೆ, ಮಿಕ್ಕಿದ್ದೆಲ್ಲ ಜನರ ಕೈಗೆ. ಒಮ್ಮೆ ಕೊಟ್ಟರೆ ವಾಪಸ್ ಪಡೆಯಲಾಗುವುದಿಲ್ಲ ಎಂಬುದು ತಿಳಿದಿರಲಿ. ಎಸ್‌ಆರ್‌ಡಿ ಭಾರ ಎನ್ನಿಸಿದರೆ ಕೇರ್ನ್ ಎಂಬ ಪುಟ್ಟ ಆಟ ನೋಡಿ. ಅದರ ಪಠ್ಯವನ್ನು ಕನ್ನಡಕ್ಕೂ ತರಬಹುದು, ಆದರೆ ಅದರದ್ದು ಬಿವೈ-ಎಸ್ಎ, ಅಂದರೆ ಅದರಿಂದ ಹುಟ್ಟಿದ್ದನ್ನು ನೀವೂ ಅದೇ ಷರತ್ತಿನಲ್ಲಿ ಕೊಡಬೇಕು.

ಮಾರಬಹುದೇ ಎಂದು ನೀವು ಕೇಳಿಲ್ಲ, ಮುಂದೆ ಕೇಳುತ್ತೀರಿ. ಬಿವೈ ಪರವಾನಗಿಯಲ್ಲಿ ಮಾರಲು ಅಡ್ಡಿಯಿಲ್ಲ. ಇಚ್.ಐಓ ಎಂಬ ಜಾಲತಾಣದಲ್ಲಿ ಬೆಲೆಯನ್ನೂ ಅವರಿಗೆ ಹೋಗುವ ಪಾಲನ್ನೂ ನೀವೇ ನಿಗದಿ ಮಾಡಬಹುದು, ಪುಕ್ಕಟೆಯಾಗಿಯೂ ಇಡಬಹುದು. 2016ರಲ್ಲಿ ಶುರುವಾದ ಮಾರಾಟದ ತಾಣ ಡಿಎಂಸ್ ಗಿಲ್ಡ್‌ನಲ್ಲಿ ಕಂಪನಿಯ ಸ್ವಂತ ಕಥಾಲೋಕಗಳನ್ನೂ ಬಳಸಲು ಬಿಡುತ್ತಾರೆ, ಬೆಲೆಯ ಅರ್ಧ ನಿಮಗೆ ಬರುತ್ತದೆ. ಅಲ್ಲಿ ಹಾಕಿದ್ದನ್ನು ಬೇರೆ ಕಡೆ ಹಾಕುವಂತಿಲ್ಲ. ಆಲೆಮನೆಯ ಕಥೆಗೆ ಆ ಲೋಕಗಳ ಹಂಗೇ ಇಲ್ಲವಾದ್ದರಿಂದ ನಿಮಗೆ ಮೊದಲನೆಯದೇ ಸರಿ.

ಕೊನೆಗೆ ಕನ್ನಡದ್ದೇ ಆದ ಒಂದು ತೊಡಕು. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ನುಡಿ ತಂತ್ರಾಂಶದ ಹಳೆಯ ಆಸ್ಕಿ ಲಿಪಿಸಂಕೇತದಲ್ಲಿ ಟೈಪ್ ಮಾಡುವ ರೂಢಿ ಇದೆ. ಆ ಫೈಲನ್ನು ಬೇರೆಯವರ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ, ಪದ ಹುಡುಕಲೂ ಆಗುವುದಿಲ್ಲ. ಮೊದಲಿನಿಂದಲೂ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ ಇವೆಲ್ಲ ಮುಕ್ತ ಫಾಂಟುಗಳು, ಮಾರುವ ಪುಸ್ತಕಕ್ಕೂ ಬಳಸಬಹುದು. ಪಿಡಿಎಫ್ ಜೊತೆಗೆ ತಿದ್ದಲು ಬರುವ ಮೂಲ ಫೈಲನ್ನೂ ಕೊಡಿ. ಅಚ್ಚು ಹಾಕಿಸುವುದಾದರೆ ಎ4 ಹಾಳೆಯನ್ನು ಮಧ್ಯಕ್ಕೆ ಮಡಿಸಿ ಪಿನ್ ಹೊಡೆದ ಪುಸ್ತಿಕೆ ಸಾಕು, ಯಾವ ಜೆರಾಕ್ಸ್ ಅಂಗಡಿಯಲ್ಲೂ ಆಗುತ್ತದೆ. ಒಟ್ಟು ಪುಟ ನಾಲ್ಕರಿಂದ ಭಾಗವಾಗುವಂತಿರಲಿ. ಮೊದಲ ಪುಟದ ಅಡಿಯಲ್ಲಿ ಆವೃತ್ತಿಯ ಸಂಖ್ಯೆ, ತಿಂಗಳು, ವರ್ಷ ಹಾಕಿ. ಆಡಿಸಿದವರು ತಪ್ಪು ತೋರಿಸಿ ಬರೆದಾಗ ತಿದ್ದಿ ಸಂಖ್ಯೆ ಏರಿಸಿದರೆ, ತಮ್ಮ ಕೈಯಲ್ಲಿರುವುದು ಹಳೆಯದೋ ಹೊಸದೋ ಎಂದು ಅವರಿಗೆ ನೋಡಿದ ಕೂಡಲೇ ತಿಳಿಯುತ್ತದೆ.