ತಾಯಿ ಡೇಗೆ ಮರಿಯನ್ನು ನೂಕುವುದಿಲ್ಲ

ಈಚೆಗೆ ದಾವಣಗೆರೆಯ ಒಂದು ಸಮಾರಂಭದಲ್ಲಿ ಭಾಷಣಕಾರರೊಬ್ಬರು, "ಡೇಗೆ ತನ್ನ ಮರಿಯನ್ನು ಬಂಡೆಯಿಂದ ಕೆಳಕ್ಕೆ ನೂಕುತ್ತದೆ, ಆಗಲೇ ಅದು ಹಾರೋದು ಕಲಿಯುತ್ತದೆ" ಅಂದರು. ಡೇಗೆ ಅಂದರೆ ಗಿಡುಗದಂಥ ಬೇಟೆಹಕ್ಕಿ. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಮೈ ಉರಿಯಿತು. ಒಂದು ತಿಂಗಳು ಕಾವು ಕೂತು, ಮಾಂಸ ಚೂರು ಮಾಡಿ ಬಾಯಿಗಿಟ್ಟು ಸಾಕಿದ ಮರಿಯನ್ನು ಯಾವ ಹಕ್ಕಿ ತಾನೇ ಸುಮ್ನೆ ನೂಕುತ್ತೆ?

ಹಾರೋದು ಆಮೇಲಿರಲಿ, ಮರಿ ಮೊಟ್ಟೆಯಿಂದ ಹೊರಗೆ ಬರೋದೇ ದೊಡ್ಡ ಕಥೆ. ಪೆರೆಗ್ರಿನ್ ಅನ್ನೋ ಜಾತಿಯ ಡೇಗೆ ಕಡ್ಡಿ ಜೋಡಿಸಿ ಗೂಡು ಕಟ್ಟುವುದಿಲ್ಲ. ಬಂಡೆಯ ಅಂಚಿನ ಮಣ್ಣನ್ನು ಕೆದರಿ ಗುಳಿ ಮಾಡಿ 3–4 ಮೊಟ್ಟೆ ಇಡುತ್ತದೆ. ಸುಮಾರು 33 ದಿನ ಕಾವು. ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಯ ಪುಟ್ಟ ಕೋಣೆ ಇರುತ್ತದಲ್ಲ, ಬೇಯಿಸಿದ ಕೋಳಿಮೊಟ್ಟೆ ಸುಲಿದಾಗ ಅಲ್ಲೊಂದು ತಗ್ಗು ಕಾಣುತ್ತೆ ನೋಡಿ, ಮರಿ ಮೊದಲು ಅದರ ಪೊರೆ ಹರಿದು ಕೊಕ್ಕು ತೂರಿಸಿ ಜೀವನದ ಮೊದಲ ಉಸಿರು ಎಳೆಯುತ್ತದೆ. ಆ ಗಾಳಿ ಎಷ್ಟು ಹೊತ್ತು ಬಂದೀತು? ಬಾಗಿಲು ಹಾಕಿದ ಕೋಣೆಯಲ್ಲಿ ಹತ್ತು ಜನ ಮಲಗಿದ ಹಾಗೆ. ಉಸಿರು ಕಟ್ಟಿದಷ್ಟೂ ಕುತ್ತಿಗೆಯ ಹಿಂದಿನ ಸ್ನಾಯು ಜಗ್ಗುತ್ತದೆ, ಕೊಕ್ಕಿನ ಮೇಲಿನ ಗಟ್ಟಿ ಮೊನೆ ಚಿಪ್ಪನ್ನು ಒಳಗಿಂದ ಗುದ್ದುತ್ತದೆ. ಬಿರುಕು ಬಿಟ್ಟ ಮೇಲೂ ಆತುರವಿಲ್ಲ. ಒಂದೆರಡು ದಿನ ತಂಗಿ, ಮೆಲ್ಲಗೆ ಸುತ್ತ ತಿರುಗುತ್ತಾ, ಡಬ್ಬದ ಮುಚ್ಚಳ ಕುಯ್ದ ಹಾಗೆ ಚಿಪ್ಪು ಕುಯ್ಯುತ್ತದೆ. ಅಷ್ಟರಲ್ಲಿ ಒಳಪೊರೆಯ ರಕ್ತವೆಲ್ಲ ಮೈಗೆ ಹಿಂದಿರುಗಬೇಕು, ಉಳಿದ ಹಳದಿ ಲೋಳೆ ಹೊಟ್ಟೆಯೊಳಗೆ ಸೇರಬೇಕು. ಚಿಕ್ಕವನಿದ್ದಾಗ ಕೋಳಿಮರಿಗೆ ಸಹಾಯ ಮಾಡ್ತೀನಿ ಅಂತ ನಾನು ಚಿಪ್ಪು ಸುಲಿದಿದ್ದೆ. ರಕ್ತ ಸೋರಿತು, ಮರಿ ಸತ್ತಿತು. ಅಜ್ಜಿ ಬೈದದ್ದು ಇನ್ನೂ ನೆನಪಿದೆ.

ಚಿಪ್ಪು ಅಂದಾಗ ಡಿಡಿಟಿ ಬಿಟ್ಟು ಮುಂದೆ ಹೋಗಲಾಗದು. ನಮ್ಮ ಹಳ್ಳಿಗಳಲ್ಲಿ ಮಲೇರಿಯಾದವರು ಗೋಡೆಗೆ ಹೊಡೀತಿದ್ದರಲ್ಲ, ಅದೇ ಕೀಟನಾಶಕ. ಹೊಲಕ್ಕೆ ಹೊಡೆದದ್ದು ಹುಳುವಿನಿಂದ ಹಕ್ಕಿಗೆ, ಹಕ್ಕಿಯಿಂದ ಡೇಗೆಗೆ ಏರಿತು. ಚಿಪ್ಪಿಗೆ ಸುಣ್ಣ ಸಾಲದೆ ಕಾವಿಗೆ ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯಿತು. ಬ್ರಿಟನ್ನಿನ ಪಕ್ಷಿತಜ್ಞ ಡೆರೆಕ್ ರಾಟ್‌ಕ್ಲಿಫ್ 1967ರಲ್ಲಿ ಹಳೆಯ ಮತ್ತು ಹೊಸ ಚಿಪ್ಪುಗಳನ್ನು ತೂಗಿ ನೋಡಿ ಚಿಪ್ಪು ತೆಳುವಾದದ್ದನ್ನು ತೋರಿಸಿದರು. ಅಮೆರಿಕ 1972ರಲ್ಲಿ ಡಿಡಿಟಿಯನ್ನು ಹೆಚ್ಚುಕಡಿಮೆ ನಿಷೇಧಿಸಿತು.

ಮರಿ ಬಿಳಿ ಹತ್ತಿಯುಂಡೆಯ ಹಾಗಿರುತ್ತದೆ. ಮೂರು ವಾರಕ್ಕೆ ಗರಿ ಇಣುಕುತ್ತವೆ. ಆಮೇಲೆ ಅಂಚಿಗೆ ಬಂದು ರೆಕ್ಕೆ ಬಡಿಯೋದೇ ಕೆಲಸ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಗೊತ್ತು, ಗಾಳಿ ಬಂಡೆಗೆ ಬಡಿದು ಮೇಲಕ್ಕೇಳುತ್ತೆ, ಹೆಗಲ ಮೇಲಿನ ಟವೆಲ್ ನಿಲ್ಲೋದಿಲ್ಲ. ಅಂಥ ಗಾಳಿಯಲ್ಲಿ ರೆಕ್ಕೆ ಬಿಚ್ಚಿದ ಮರಿ ಗೇಣು ಮೇಲೆದ್ದು ಮತ್ತೆ ಇಳಿಯುತ್ತದೆ. ಗರಿ ಬಲಿತು, ಸುಮಾರು ಆರು ವಾರಕ್ಕೆ ತಾನೇ ಹಾರುತ್ತದೆ. ಅಪ್ಪ ಅಮ್ಮ ಬೇಟೆ ಹಿಡಿದು ಎದುರಿಗೇ ಹಾರಾಡಿ ಆಸೆ ತೋರಿಸುವುದುಂಟು. ನೂಕೋದಲ್ಲ, ಕರೆಯೋದು!

ಹಾರೋದು ಬಂದರೂ ಇಳಿಯೋದು ಬರೋದಿಲ್ಲ. ಕೊಂಬೆಗೆ ಗುರಿಯಿಟ್ಟು ಪೊದೆಗೆ ಬೀಳುತ್ತದೆ. ದೊಡ್ಡವು ಗಾಳಿಯಲ್ಲೇ ಬೇಟೆ ಬಿಟ್ಟಾಗ ಹಿಡಿಯಲು ಹೋಗಿ ಗುರಿ ತಪ್ಪುತ್ತದೆ. ನೆಟ್ಟಗೆ ಎರಗಿದರೆ ಗಂಟೆಗೆ 300 ಕಿಲೋಮೀಟರ್ ದಾಟುವ ಈ ಬೇಟೆಗಾರ, ಆ ಮೊದಲ ವಾರಗಳಲ್ಲಿ ಅಟ್ಟಿಸಿಕೊಂಡು ಹೋಗೋದು ಏರೋಪ್ಲೇನ್ ಚಿಟ್ಟೆಗಳನ್ನು.